ಮೊದಲು ಬಲೆ ಹಾಕುವವರನ್ನು ಕೇಳಿ

ಕೇಳುಗರಿಗೆಲ್ಲ ನಮಸ್ಕಾರ.

ಬೇಸಿಗೆಯಲ್ಲಿ ಲಿಂಗನಮಕ್ಕಿ ಹಿನ್ನೀರು ತೀರಾ ಇಳಿದರೆ ಹಳೆಯ ಮಡೆನೂರು ಅಣೆಕಟ್ಟು ಮೇಲೆ ಕಾಣಿಸುತ್ತದೆ, ಸಾಗರದ ಕಡೆಯವರಿಗೆ ಇದು ಗೊತ್ತು. ನೀರು ತುಂಬಿದಾಗ ಅದು ಎಲ್ಲಿದೆ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಆ ದಡದ ಹಿರಿಯರೊಬ್ಬರನ್ನು ಕೇಳಿದರೆ ಸಾಕು, ಕೂತಲ್ಲಿಂದಲೇ ಕೈ ತೋರಿಸುತ್ತಾರೆ. ಮುಳುಗಿದ ಹಳೆಯ ಹಡಗನ್ನು ಹುಡುಕುವ ತಂಡದ ಮುಂದಾಳಿಗೂ ಮೊದಲ ಕೆಲಸ ಇದೇ: ಕೇಳುವುದು.

ಘಟ್ಟದ ಮೇಲಿನ ನಮಗೆ ಹಡಗಿನ ಉಸಾಬರಿ ಯಾಕೆ ಎನ್ನಬೇಡಿ. ನಿಮ್ಮ ತೋಟದ ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯನ್ನೇ ನೋಡಿ. ಕೆಳದಿ ಅರಸರ ಕಾಲದಲ್ಲಿ ಮೆಣಸು ಘಟ್ಟ ಇಳಿದು ಹೊನ್ನಾವರದಂಥ ಬಂದರಿಗೆ ಹೋಗುತ್ತಿತ್ತು. ಕೊಚ್ಚಿಯಿಂದ ಹೊರಟ ಪೋರ್ಚುಗೀಸ್ ಹಡಗೊಂದು 1606ರಲ್ಲಿ, ಇನ್ನೇನು ಲಿಸ್ಬನ್ ಮುಟ್ಟಿತು ಎನ್ನುವಾಗ ಒಡೆದು ಮುಳುಗಿತು. ಸುಮಾರು 390 ವರ್ಷದ ಮೇಲೆ ಅದರ ಹಲಗೆಗಳ ನಡುವೆ ಕಾಳುಮೆಣಸು ಪದರ ಪದರವಾಗಿ ಸಿಕ್ಕಿತು!

ನನಗೆ ತುಂಬಾ ಇಷ್ಟವಾದ ಕತೆ ಟರ್ಕಿಯದು. ಮುಳುಗಿದ ಹಳೆಯ ಹಡಗುಗಳನ್ನು ಹುಡುಕಿ ಅಗೆಯುತ್ತಿದ್ದ ಜಾರ್ಜ್ ಬಾಸ್ ಅವರ ತಂಡದವರು ಅಲ್ಲಿನ ಕರಾವಳಿಯ ಹಳ್ಳಿಹಳ್ಳಿಗೆ ಹೋಗಿ, ಸಮುದ್ರದಲ್ಲಿ ಮುಳುಗಿ ಸ್ಪಂಜು ಕೀಳುವವರ ಜೊತೆ ಕೂತು ಮಾತಾಡುತ್ತಿದ್ದರು. ಹಳೆಯ ಕಾಲದ ತಾಮ್ರದ ಗಟ್ಟಿ ಹೇಗಿರುತ್ತದೆ ಎಂದು ಚಿತ್ರ ತೋರಿಸುತ್ತಿದ್ದರು. 1982ರಲ್ಲಿ ಒಬ್ಬ ಹುಡುಗ ನೀರಿನಿಂದ ಮೇಲೆ ಬಂದವನೇ ತನ್ನ ನಾಯಕನಿಗೆ, ಕೆಳಗೆ ಕಿವಿ ಇರುವ ಲೋಹದ ಬಿಸ್ಕೆಟ್ ಇದೆ ಎಂದ. ನಾಯಕ ಆ ಚಿತ್ರ ನೋಡಿದ್ದವನು. ಕೂಡಲೇ ಗುರುತು ಹಿಡಿದ. ಅದೇ ಉಲುಬುರುನ್ ಹಡಗು. ಸುಮಾರು 3300 ವರ್ಷ ಹಳೆಯದು, ಒಳಗೆ 10 ಟನ್ ತಾಮ್ರ. ಅದನ್ನು ಅಗೆಯಲು 1984ರಿಂದ 1994ರವರೆಗೆ 22,000ಕ್ಕೂ ಹೆಚ್ಚು ಸಲ ಮುಳುಗಿದರು. ಆದರೆ ಅದನ್ನು ಕಂಡವನು ಸ್ಪಂಜು ಕೀಳುವ ಹುಡುಗ. ಅವನ ನಾಯಕನಿಗೆ ಮೊದಲೇ ಚಿತ್ರ ತೋರಿಸಿದ್ದರಲ್ಲ, ಆ ತಂಡದ ದೊಡ್ಡ ಕೆಲಸ ಅದು.

ನಮ್ಮ ಕರಾವಳಿಯಲ್ಲಿ ನಾನು ಮುಂದೆ ನಿಂತು ನಡೆಸಿದ ಒಂದು ಹುಡುಕಾಟದಲ್ಲೂ ಹೀಗೇ ಆಯಿತು. ಮೊದಲ ಸಭೆಗೆ ದೊಡ್ಡ ನಕ್ಷೆ ಹೊತ್ತು ಹೋಗಿ ಒಂದು ತಾಸು ನಾವೇ ಮಾತಾಡಿದೆವು. ಕೊನೆಗೆ ಮೀನುಗಾರಿಕೆಯ ಅಜ್ಜ ಒಬ್ಬರು ನಕ್ಷೆ ನೋಡಿ, "ಇದರಲ್ಲಿ ಗುಡ್ಡ ಎಲ್ಲಿದೆ ತಮಾ?" ಎಂದರು. ಗುಡ್ಡದ ತುದಿ ತೆಂಗಿನ ತೋಪಿನ ನೆತ್ತಿಗೆ ಸರಿಯಾಗಿ ಬರಬೇಕು, ಅದೇ ಹೊತ್ತಿಗೆ ನಡುಗಡ್ಡೆಯ ಅಂಚು ದೀಪಸ್ತಂಭಕ್ಕೆ ತಾಗಬೇಕು. ಆ ಎರಡು ಗೆರೆ ಕೂಡುವಲ್ಲಿ ಅವರ ಅಪ್ಪನ ಕಾಲದಿಂದಲೂ ಬಲೆ ಹರಿಯುತ್ತಿತ್ತು. ಅಲ್ಲಿ ಇಳಿದಾಗ ಸಿಕ್ಕಿದ್ದು, ಮೇಲ್ಗಡೆ ಕೈ ತೂರುವಷ್ಟು ತೂತಿದ್ದ ಕಲ್ಲಿನ ಲಂಗರು. ಆ ದಿನದ ದಾಖಲೆಯಲ್ಲಿ ಮೊದಲ ಹೆಸರು ಅಜ್ಜನದೇ ಬರೆದೆ.

ಯಂತ್ರಗಳ ಮಾತು ಚುಟುಕಾಗಿ ಹೇಳುತ್ತೇನೆ. ಸೋನಾರ್ ಎಂದರೆ ನೀರಿನೊಳಗೆ ಶಬ್ದ ಬಿಟ್ಟು, ತಳಕ್ಕೆ ಬಡಿದು ಬರುವ ಮಾರ್ದನಿಯಿಂದ ಚಿತ್ರ ಬಿಡಿಸುವ ಉಪಕರಣ. ಅದಿಲ್ಲದೆ ಆಳದಲ್ಲಿ ಆಗುವುದಿಲ್ಲ, ನಿಜ. ಅಂಟಾರ್ಕ್ಟಿಕದಲ್ಲಿ 1915ರಲ್ಲಿ ಮುಳುಗಿದ ಎಂಡ್ಯೂರೆನ್ಸ್ ಹಡಗು 2022ರಲ್ಲಿ 3008 ಮೀಟರ್ ಆಳದಲ್ಲಿ ಸಿಕ್ಕಿದ್ದು ಯಂತ್ರದಿಂದಲೇ. ಆದರೆ ಅದನ್ನು ಎಲ್ಲಿ ಇಳಿಸಬೇಕು ಎಂದು ಹೇಳಿದ್ದು ಹಡಗಿನ ಕಪ್ತಾನ ವರ್ಸ್ಲಿ ಅಂದು ಬರೆದಿಟ್ಟ ಲೆಕ್ಕ. ಆ ಲೆಕ್ಕಕ್ಕೂ ಹಡಗಿಗೂ ಇದ್ದ ಅಂತರ ಸುಮಾರು 7 ಕಿಲೋಮೀಟರ್ ಅಷ್ಟೇ. ಸತ್ತವರನ್ನೂ ಕೇಳಬಹುದು, ಅವರು ಬರೆದಿಟ್ಟಿದ್ದರೆ.

ಶರಾವತಿ ದಡದ ಮೇಷ್ಟ್ರುಗಳಿಗೆ ಒಂದು ಮಾತು. ಮುಳುಗಡೆಯ ಊರಲ್ಲಿ ಹುಟ್ಟಿದವರು, ದೋಣಿ ನಡೆಸಿದವರು ಇನ್ನೂ ಕೆಲವರು ಇದ್ದಾರೆ. ಈ ಭಾನುವಾರವೇ ಮಕ್ಕಳನ್ನು ಕರೆದುಕೊಂಡು ಹೋಗಿ. ದೇವಸ್ಥಾನ ಎಲ್ಲಿತ್ತು, ದೋಣಿ ಕಟ್ಟುವ ಜಾಗ ಯಾವುದು, ಯಾವ ಗುಡ್ಡದ ನೇರಕ್ಕೆ ಎಂದು ಕೇಳಿ ಬರೆದುಕೊಳ್ಳಿ. ಹೇಳಿದವರ ಹೆಸರನ್ನೂ ಬರೆಯಿರಿ. ನಮಸ್ಕಾರ.