‘ಸ್ಲೋ ಆಗಿದೆ’ ಅಂದರೆ ಎಷ್ಟು ಸೆಕೆಂಡು?

ಎಲ್ಲರಿಗೂ ನಮಸ್ಕಾರ.

ಮಂಡ್ಯದಿಂದ ಇಷ್ಟು ಜನ ಸಾಫ್ಟ್‌ವೇರ್ ಕೆಲಸಕ್ಕೆ ಹೊರಟಿದ್ದೀರಿ, ನೋಡಿ ಖುಷಿಯಾಯಿತು. ಇವತ್ತು ನಿಮಗೆ ಒಂದು ನೋಟ್ ಬುಕ್ ವಿಷಯ ಹೇಳಬೇಕು.

ಮದ್ದೂರು ಕಡೆಯ ಒಂದು ಹಳ್ಳಿ. ಅಲ್ಲಿನ ಹಾಲಿನ ಡೇರಿಯ ಸಾಫ್ಟ್‌ವೇರ್ ನೋಡಿಕೊಳ್ಳುವ ಕೆಲಸ ನನ್ನದು. ‘ಸಾರ್, ಸಿಕ್ಕಾಪಟ್ಟೆ ಸ್ಲೋ ಆಗಿದೆ, ಜನ ಬಯ್ತಾರೆ’ ಎಂದು ಕಾರ್ಯದರ್ಶಿ ಫೋನ್ ಮಾಡುತ್ತಿದ್ದರು. ಎರಡು ಸಲ ಹೋಗಿ ನೋಡಿದೆ. ಹಾಲು ಹಾಕಿದವರಿಗೆ ಕೊಡುವ ಚೀಟಿ ಸರಾಗವಾಗಿ ಬರುತ್ತಿತ್ತು. ‘ಏನೂ ಆಗಿಲ್ವಲ್ಲ ಅಣ್ಣ’ ಎಂದು ಹೇಳಿ ಬಂದುಬಿಟ್ಟೆ. ಅದು ನನ್ನ ತಪ್ಪು. ಅವರು ಸುಮ್ನೆ ದೂರುತ್ತಿರಲಿಲ್ಲ.

ಮೂರನೇ ಸಲ ಕೇಳಿಕೊಂಡೆ: ‘ಅಣ್ಣ, ದಿನಾ ಬೆಳಗ್ಗೆ ಐದು ಚೀಟಿಗೆ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ. ಲೀಟರ್, ಫ್ಯಾಟ್ ಹಾಕಿ ಎಂಟರ್ ಒತ್ತಿದಾಗಿಂದ ಚೀಟಿ ಈಚೆ ಬರುವವರೆಗೆ. ಬರೆದಿಡಿ.’

ಬರೆದರು. 2ನೇ ತಾರೀಕು 1 ಸೆಕೆಂಡು. 10ಕ್ಕೆ 3. 20ಕ್ಕೆ 6. 30ಕ್ಕೆ 9. ಮುಂದಿನ ತಿಂಗಳು 1ನೇ ತಾರೀಕು ಮತ್ತೆ 1! ಪುಟ ನೋಡಿದ ತಕ್ಷಣ ಹೊಳೆಯಿತು. ಪ್ರತಿ ಚೀಟಿಗೂ ನಮ್ಮ ಪ್ರೋಗ್ರಾಂ ಒಂದನೇ ತಾರೀಕಿನಿಂದ ಎಲ್ಲ ಸದಸ್ಯರ ಲೆಕ್ಕವನ್ನೂ ಹೊಸದಾಗಿ ಕೂಡುತ್ತಿತ್ತು. ನಾನು ಹೋಗುತ್ತಿದ್ದದ್ದು ತಿಂಗಳ ಮೊದಲ ವಾರ. ಇನ್ನೆಲ್ಲಿ ಕಾಣುತ್ತೆ? ಚೀಟಿಗೆ 9 ಸೆಕೆಂಡಾದರೆ 100 ಜನಕ್ಕೆ 15 ನಿಮಿಷ. ಹಾಲಿನ ವ್ಯಾನ್ ಅಷ್ಟು ಹೊತ್ತು ಕಾಯಲ್ಲ.

ದೊಡ್ಡ ಕಡೆಯಲ್ಲೂ ಇದೇ ಕಥೆ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯ್ಂಡ್ ಎಂಬ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್‌ಗೆ ಎಸ್‌ಎಸ್‌ಎಚ್ ಲಾಗಿನ್, ಅಂದರೆ ದೂರದ ಕಂಪ್ಯೂಟರ್ ಒಳಗೆ ಸುರಕ್ಷಿತವಾಗಿ ಹೋಗುವುದು, ತಡವಾಗುತ್ತಿದೆ ಅನ್ನಿಸಿತು. ಅವರು ಅಳೆದರು. ಮೊದಲು 0.299 ಸೆಕೆಂಡು, ಆಮೇಲೆ 0.807. ಅರ್ಧ ಸೆಕೆಂಡು ಅಷ್ಟೇ, ಅಲ್ವಾ? ಅದರ ಜಾಡು ಹಿಡಿದು ಹೋದರೆ ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಎಂಬ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಬೇಕಂತಲೇ ಬಚ್ಚಿಟ್ಟ ಕಳ್ಳಬಾಗಿಲು, ಅಂದರೆ ಕದ್ದು ಒಳನುಗ್ಗುವ ದಾರಿ, ಸಿಕ್ಕಿತು. ಎಲ್ಲರಿಗೂ ತಿಳಿಸುವಾಗ ಅವರು ಈ ಅಳತೆಯನ್ನೂ ಜೊತೆಗಿಟ್ಟಿದ್ದರು.

ನೀವು ದೂರು ಬರೆಯುವಾಗ ಯಾವ ಬಟನ್ ಒತ್ತಿದಿರಿ, ಎಷ್ಟು ಗಂಟೆಗೆ, ಎಷ್ಟು ಸೆಕೆಂಡಾಯಿತು, ಮೊದಲು ಎಷ್ಟಾಗುತ್ತಿತ್ತು ಅನ್ನೋದು ಇರಲಿ. ಸಾಫ್ಟ್‌ವೇರ್ ಆವೃತ್ತಿಯನ್ನೂ ಬರೆಯಿರಿ. ವಿಂಡೋಸ್ ಆದರೆ ಸ್ಲೋ ಆಗಿರುವಾಗಲೇ ಯಾವ ಪ್ರೋಗ್ರಾಂ ಕಂಪ್ಯೂಟರನ್ನು ಎಷ್ಟು ದುಡಿಸುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ಸ್ಕ್ರೀನ್‌ಶಾಟ್ ತೆಗೆಯಿರಿ. ರೀಸ್ಟಾರ್ಟ್ ಮಾಡಿದರೆ ಆ ಸುಳಿವು ಹೋಯಿತು. ಒಂದೇ ಸಲ ಅಳೆದು ಬಿಡಬೇಡಿ. ಸರಾಸರಿ ಒಂದನ್ನೇ ಕೊಡಲೂ ಬೇಡಿ: ಒಂಬತ್ತು ಸಲ 1 ಸೆಕೆಂಡು, ಒಂದು ಸಲ 31 ಸೆಕೆಂಡು ಆದರೆ ಸರಾಸರಿ 4 ಬರುತ್ತೆ. ಆ 31 ಕಾಣೋದೇ ಇಲ್ಲ. ಜನರ ಖಾತೆ ನಂಬರ್ ಇದ್ದರೆ ಮರೆಮಾಡಿ ಕಳಿಸಿ.

ಇದನ್ನೆಲ್ಲ ದೂರು ಕೊಡುವವರ ತಲೆಗೇ ಕಟ್ಟಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಹೇಗೆ ಅಳೆಯಬೇಕು ಎಂದು ಮೊದಲೇ ಹೇಳಿಕೊಡಬೇಕಾದವರು ನಾವು.

ಪ್ರೋಗ್ರಾಂ ಸರಿ ಮಾಡಿದ ಮೇಲೂ ಕಾರ್ಯದರ್ಶಿ ಬರೆಯುವುದನ್ನು ನಿಲ್ಲಿಸಲಿಲ್ಲ. ಆ ತಿಂಗಳ 30ನೇ ತಾರೀಕಿನ ಪುಟ ತೆರೆದು ತೋರಿಸಿದರು. ಮೂಲೆಯಲ್ಲಿ ಹಾಲು ಚೆಲ್ಲಿದ ಕಲೆ. ಐದು ಸಾಲು. ಐದರಲ್ಲೂ 1.