ಮಾರ್ಚ್ 7: ಒಂದು ದಿನ, ಮೂವರು ಸಂತರು

ಎಲ್ಲರಿಗೂ ನಮಸ್ಕಾರ.

ಕಥೋಲಿಕ ಧರ್ಮಸಭೆಯ ಪಂಚಾಂಗವನ್ನು ತೆರೆದರೆ ಒಂದೊಂದು ದಿನಕ್ಕೂ ಹಲವು ಸಂತರ ಹೆಸರುಗಳಿವೆ. ಸಂತರು ಸಾವಿರಾರು ಮಂದಿ, ವರ್ಷಕ್ಕಿರುವುದು 365 ದಿನ. ಸಾಮಾನ್ಯವಾಗಿ ಸಂತರು ತೀರಿಕೊಂಡ ದಿನವೇ ಅವರ ಹಬ್ಬ. ನಾವು ಪುಣ್ಯತಿಥಿ ಎನ್ನುವ ಆ ದಿನವನ್ನು ಆದಿ ಕ್ರೈಸ್ತರು ಲ್ಯಾಟಿನ್‌ನಲ್ಲಿ ‘ನತಾಲಿಸ್’ ಎಂದರು. ಹಾಗೆಂದರೆ ಹುಟ್ಟಿದ ದಿನ, ಸ್ವರ್ಗದಲ್ಲಿ ಹುಟ್ಟಿದ ದಿನ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ.

ಕ್ರಿ.ಶ. 203, ಉತ್ತರ ಆಫ್ರಿಕದ ಕಾರ್ಥೇಜ್ ನಗರ. ಕ್ರೈಸ್ತ ದೀಕ್ಷೆಗೆ ಸಿದ್ಧರಾಗುತ್ತಿದ್ದ ಕೆಲವರನ್ನು ಸೆರೆ ಹಿಡಿದರು. ಅವರಲ್ಲಿ ಪೆರ್ಪೆತುವಾ ಒಬ್ಬಳು. ವಯಸ್ಸು ಸುಮಾರು 22, ಒಳ್ಳೆಯ ಮನೆತನ, ಮಡಿಲಲ್ಲಿ ಇನ್ನೂ ಮೊಲೆ ಬಿಡದ ಕೂಸು. ಇನ್ನೊಬ್ಬಳು ಫೆಲಿಸಿತಾ, ಎಂಟು ತಿಂಗಳ ಬಸುರಿಯಾಗಿದ್ದ ದಾಸಿ.

ಪೆರ್ಪೆತುವಾ ಸೆರೆಮನೆಯಲ್ಲಿ ತನ್ನ ಅನುಭವವನ್ನು ತಾನೇ ಬರೆದಿಟ್ಟಳು. ಅಷ್ಟು ಹಿಂದಿನ ಕಾಲದ ಕ್ರೈಸ್ತ ಹೆಣ್ಣುಮಗಳೊಬ್ಬಳ ಸ್ವಂತ ಬರಹ ನಮಗೆ ದಕ್ಕಿರುವುದು ಬಹಳ ಅಪರೂಪ. ನಂಬಿಕೆ ಬಿಡು ಎಂದು ಅಂಗಲಾಚುವ ತಂದೆಗೆ ಅವಳು ಅಲ್ಲೇ ಇದ್ದ ಹೂಜಿಯನ್ನು ತೋರಿಸುತ್ತಾಳೆ. ಅದನ್ನು ಹೂಜಿಯಲ್ಲದೆ ಬೇರೆ ಹೆಸರಿನಿಂದ ಕರೆಯಲಾದೀತೇ? ಹಾಗೆಯೇ ನಾನೂ ಕ್ರೈಸ್ತಳಲ್ಲದೆ ಬೇರೇನೂ ಅಲ್ಲ ಎನ್ನುತ್ತಾಳೆ. ಕೂಸನ್ನು ತನ್ನ ಬಳಿ ಇಟ್ಟುಕೊಳ್ಳಲು ಅನುಮತಿ ಸಿಕ್ಕಾಗ ಸೆರೆಮನೆಯೇ ಅರಮನೆಯಾಯಿತೆಂದು ಬರೆಯುತ್ತಾಳೆ. ಈ ಸಾಲನ್ನು ಓದುವಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಎಲ್ಲರಿಗೂ ಮೃಗಗಳ ಎದುರು ಸಾಯುವ ಶಿಕ್ಷೆಯಾಯಿತು. ಫೆಲಿಸಿತಾಳ ಚಿಂತೆಯೇ ಬೇರೆ. ಬಸುರಿಯನ್ನು ಕೊಲ್ಲಲು ಕಾನೂನು ಬಿಡುತ್ತಿರಲಿಲ್ಲ. ಸಂಗಡಿಗರು ಮುಂದೆ ಹೋಗಿ ತಾನೊಬ್ಬಳೇ ಹಿಂದುಳಿದರೆ? ಎಲ್ಲರೂ ಪ್ರಾರ್ಥಿಸಿದರು. ಹೆರಿಗೆ ಬೇಗನೆ ಆಯಿತು, ಹೆಣ್ಣುಮಗು. ಆ ಮಗುವನ್ನು ಕ್ರೈಸ್ತ ಸೋದರಿಯೊಬ್ಬಳು ಸಾಕಿಕೊಂಡಳು.

ಮಾರ್ಚ್ 7ರಂದು ಆ ಶಿಕ್ಷೆ ನಡೆದ ಅಖಾಡದ ಕ್ರೀಡೆಗಳನ್ನು ಏರ್ಪಡಿಸಿದ್ದು ರೋಮನ್ ಚಕ್ರವರ್ತಿಯ ಮಗ ಗೇತನ ಹುಟ್ಟುಹಬ್ಬಕ್ಕೆ. ಇಬ್ಬರು ತಾಯಂದಿರ ಮೇಲೆ ಕೆರಳಿದ ಹಸುವನ್ನು ಬಿಟ್ಟರು. ಅದು ಎತ್ತಿ ಒಗೆದಾಗ ಪೆರ್ಪೆತುವಾ ಎದ್ದು ಕುಳಿತು, ಹರಿದ ಬಟ್ಟೆಯಿಂದ ತೊಡೆ ಮುಚ್ಚಿಕೊಂಡಳು, ಪಿನ್ನು ಹುಡುಕಿ ಕೆದರಿದ ತಲೆಗೂದಲನ್ನು ಕಟ್ಟಿಕೊಂಡಳು. ಬಿಚ್ಚಿದ ತಲೆ ಶೋಕದ ಗುರುತು, ತನಗೆ ಅದು ಶೋಕದ ದಿನವಲ್ಲ. ಆಮೇಲೆ ಕೆಳಗೆ ಬಿದ್ದಿದ್ದ ಫೆಲಿಸಿತಾಳಿಗೆ ಕೈಕೊಟ್ಟು ಎಬ್ಬಿಸಿದಳು. ಕುಲೀನೆಯೂ ದಾಸಿಯೂ ಜೊತೆಯಾಗಿ ನಿಂತರು. ಕೊನೆಗೆ ಇಬ್ಬರೂ ಕತ್ತಿಗೆ ಬಲಿಯಾದರು.

ಗೇತನನ್ನು 211ರಲ್ಲಿ ಅಣ್ಣ ಕಾರಕಲ್ಲನೇ ಕೊಲ್ಲಿಸಿ, ಹೆಸರನ್ನು ಶಾಸನಗಳಿಂದ ಕೆತ್ತಿ ತೆಗೆಸಿದ. ರೋಮ್‌ನಲ್ಲಿ ಅದೇ 203ರಲ್ಲಿ ಎದ್ದ ವಿಜಯ ಕಮಾನಿನ ಮೇಲೂ ಅವನ ಹೆಸರು ಉಳಿಯಲಿಲ್ಲ. ರಾಜಕುಮಾರನ ಹುಟ್ಟುಹಬ್ಬ ಹೋಗಿ, ಆ ದಿನ ಇವರ ‘ಹುಟ್ಟಿದ ದಿನ’ವಾಯಿತು. ರೋಮ್‌ನ 354ರ ಪಂಚಾಂಗದಲ್ಲಿ ಆಫ್ರಿಕದ ಈ ಇಬ್ಬರ ಹೆಸರಿದೆ. ಇವರ ಹಬ್ಬದಂದು ಸಂತ ಅಗಸ್ಟೀನರು ಮಾಡಿದ ಪ್ರವಚನಗಳೂ ಉಳಿದಿವೆ. ಪೆರ್ಪೆತುವಾ ಎಂದರೆ ನಿರಂತರ, ಫೆಲಿಸಿತಾ ಎಂದರೆ ಆನಂದ. ಎರಡೂ ಕೂಡಿದರೆ ನಿತ್ಯಾನಂದ ಎಂಬ ಅರ್ಥವನ್ನು ಅಗಸ್ಟೀನರು ಎತ್ತಿ ತೋರಿಸುತ್ತಾರೆ.

ಸಾವಿರ ವರ್ಷ ಕಳೆಯಿತು. ಫ್ರಾನ್ಸಿನ ಲಿಯೋನ್ ನಗರದಲ್ಲಿ ಧರ್ಮಸಭೆ ಕರೆದ ಮಹಾಸಭೆಗೆ ಹೊರಟಿದ್ದ ದೈವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ದಾರಿಯಲ್ಲಿ ಕಾಯಿಲೆ ಬಿದ್ದು ಫೊಸ್ಸನೋವಾ ಮಠದಲ್ಲಿ ತೀರಿಕೊಂಡರು. ಅದು 1274ರ ಮಾರ್ಚ್ 7. 1323ರಲ್ಲಿ ಅವರು ಸಂತರೆನಿಸಿದ ಮೇಲೆ ಆ ದಿನ ಅವರ ಹಬ್ಬವಾಯಿತು. ಅಂಥ ಮಹಾಪಂಡಿತರ ಮುಂದೆ ಈ ಇಬ್ಬರು ತಾಯಂದಿರಿಗೆ ಉಳಿದದ್ದು ಪೂರ್ಣ ಹಬ್ಬವಲ್ಲ, ಬರಿಯ ಸ್ಮರಣೆ. 1908ರಲ್ಲಿ ಇವರ ಹಬ್ಬವನ್ನು ಮಾರ್ಚ್ 6ಕ್ಕೆ ಸರಿಸಲಾಯಿತು. ಬೇರೆ ದಿನ ಸಿಕ್ಕಿತು ನಿಜ, ಆದರೆ ಅದು ಅವರು ಪ್ರಾಣ ಕೊಟ್ಟ ದಿನವಲ್ಲ.

1969ರಲ್ಲಿ ಪಂಚಾಂಗ ಪರಿಷ್ಕರಣೆಯಾದಾಗ ಮಾರ್ಚ್ 7 ಇವರಿಗೇ ಮರಳಿತು. ಥಾಮಸರ ಹಬ್ಬ ಜನವರಿ 28ಕ್ಕೆ ಹೋಯಿತು. ಅವರ ಅಸ್ಥಿಗಳು 1369ರಲ್ಲಿ ತುಲೂಸ್ ಸೇರಿದ ದಿನ ಅದು. ಇದು ನ್ಯಾಯವಾದ ತೀರ್ಮಾನ ಎಂದು ನನ್ನ ದೃಢವಾದ ನಂಬಿಕೆ.

ಬಲಿಪೂಜೆಯ ಹಳೆಯ ರೋಮನ್ ಪ್ರಾರ್ಥನೆಯನ್ನು ಇನ್ನು ಮುಂದೆ ಕೇಳಿದಾಗ ಸಂತರ ಹೆಸರುಗಳು ಬರುವ ಕಡೆ ಕಿವಿಗೊಡಿ. ಅಲ್ಲಿ ಫೆಲಿಸಿತಾಳ ಹೆಸರು ಮೊದಲು, ಪೆರ್ಪೆತುವಾಳ ಹೆಸರು ಅನಂತರ ಬರುತ್ತದೆ.