ಹೆಸರು ಬದಲಿಸುವ ರೋಗಗಳು: ಜೀರ್ಣಾಂಗ ವೈದ್ಯಕೀಯದಲ್ಲಿ ಸಾಹಿತ್ಯ ಶೋಧ

ಮಾನ್ಯರೆ,

ಒಂದು ಚಿಕಿತ್ಸೆಯ ಬಗ್ಗೆ ನಡೆದಿರುವ ಪ್ರಯೋಗಗಳನ್ನೆಲ್ಲ ಕಲೆಹಾಕಿ, ಅವುಗಳ ಗುಣಮಟ್ಟವನ್ನು ತೂಗಿ ನೋಡಿ, ಒಟ್ಟಿನಲ್ಲಿ ಏನು ತಿಳಿದುಬರುತ್ತದೆಂದು ಹೇಳುವುದು ಸಿಸ್ಟಮ್ಯಾಟಿಕ್ ರಿವ್ಯೂ, ಅಂದರೆ ವ್ಯವಸ್ಥಿತ ಸಮೀಕ್ಷೆಯ ಕೆಲಸ. ಇದರಲ್ಲಿ ಅಂಕಿಅಂಶಗಳ ಭಾಗಕ್ಕೆ ಸಿಗುವ ಮರ್ಯಾದೆ ಹುಡುಕಾಟದ ಭಾಗಕ್ಕೆ ಸಿಗುವುದಿಲ್ಲ. ಆದರೆ ಹುಡುಕುವಾಗ ಕೈತಪ್ಪಿದ ಪ್ರಯೋಗವನ್ನು ಎಂಥ ಸಂಖ್ಯಾಶಾಸ್ತ್ರವೂ ಮರಳಿ ತರಲಾರದು. ಜೀರ್ಣಾಂಗ ರೋಗಗಳ ವಿಷಯದಲ್ಲಿ ಹೀಗೆ ಕೈತಪ್ಪುವುದಕ್ಕೆ ದೊಡ್ಡ ಕಾರಣ ಹೆಸರುಗಳು ಎಂಬುದು ನನ್ನ ಅಭಿಪ್ರಾಯ.

ಹೆಪಟೈಟಿಸ್ ಸಿ ವೈರಾಣು ಪತ್ತೆಯಾದದ್ದು 1989ರಲ್ಲಿ. ಅದಕ್ಕೂ ಮೊದಲು, ರಕ್ತ ಪಡೆದವರಲ್ಲಿ ಕಾಣಿಸುತ್ತಿದ್ದ, ಎ ವೈರಾಣುವಿನಿಂದಲೂ ಅಲ್ಲ, ಬಿ ವೈರಾಣುವಿನಿಂದಲೂ ಅಲ್ಲ ಎಂದಷ್ಟೇ ಗೊತ್ತಿದ್ದ ಯಕೃತ್ತಿನ ಉರಿಯೂತವನ್ನು ವೈದ್ಯರು ‘ನಾನ್-ಎ, ನಾನ್-ಬಿ ಹೆಪಟೈಟಿಸ್’ ಎನ್ನುತ್ತಿದ್ದರು. ಇಂಟರ್‌ಫೆರಾನ್ ಚಿಕಿತ್ಸೆಯ ಮೊದಲ ವರದಿ 1986ರಲ್ಲೇ, ವೈರಾಣುವಿಗೆ ನಾಮಕರಣವಾಗುವ ಮುನ್ನವೇ, ಈ ಹೆಸರಿನಡಿ ಪ್ರಕಟವಾಗಿತ್ತು. ಆ ರೋಗಿಗಳೆಲ್ಲರಿಗೂ ಹೆಪಟೈಟಿಸ್ ಸಿ ಇತ್ತೆಂದು ಹೇಳಲಾಗದು. ಆದರೆ ಸೇರಿಸಬೇಕೋ ಬಿಡಬೇಕೋ ಎಂಬುದು ಲೇಖನವನ್ನು ಕೈಯಲ್ಲಿ ಹಿಡಿದು ಮಾಡಬೇಕಾದ ತೀರ್ಮಾನ. ಅದನ್ನು ಶೋಧದ ಪದಗಳು ನಮಗೆ ತಿಳಿಯದಂತೆ ಮಾಡಿಬಿಡಬಾರದು.

ಜಠರದ ಹುಣ್ಣಿಗೆ ಕಾರಣವೆಂದು ವಾರೆನ್ ಮತ್ತು ಮಾರ್ಷಲ್ ತೋರಿಸಿಕೊಟ್ಟ ಬ್ಯಾಕ್ಟೀರಿಯಾ ಮೊದಲು ಕ್ಯಾಂಪೈಲೋಬ್ಯಾಕ್ಟರ್ ಪೈಲೋರಿಡಿಸ್ ಆಗಿತ್ತು, ಆಮೇಲೆ ಕ್ಯಾಂಪೈಲೋಬ್ಯಾಕ್ಟರ್ ಪೈಲೋರಿ ಆಯಿತು, 1989ರಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎನಿಸಿಕೊಂಡಿತು. ಇನ್ನು ‘ಪಿಬಿಸಿ’ಯ ಕಥೆ ಸ್ವಲ್ಪ ತಮಾಷೆಯದು. 2015ರಲ್ಲಿ ಪ್ರೈಮರಿ ಬಿಲಿಯರಿ ಸಿರೋಸಿಸ್ ಎಂಬ, ಯಕೃತ್ತಿನ ಪಿತ್ತನಾಳಗಳ ರೋಗದ ಹೆಸರನ್ನು ಪ್ರೈಮರಿ ಬಿಲಿಯರಿ ಕೋಲಂಜೈಟಿಸ್ ಎಂದು ಬದಲಿಸಿದಾಗ ಮೊದಲಕ್ಷರಗಳು ಹಾಗೆಯೇ ಉಳಿದವು, ಪೂರ್ಣ ಹೆಸರು ಹುಡುಕುವವನು ಮಾತ್ರ ಅರ್ಧವನ್ನು ಕಳೆದುಕೊಂಡ. 2023ರ ಬದಲಾವಣೆ ಇದಕ್ಕಿಂತ ತೊಡಕಿನದು. ಮದ್ಯಕ್ಕೆ ಸಂಬಂಧಿಸದ ಕೊಬ್ಬಿನ ಯಕೃತ್ತಿಗೆ ‘ಎಂಎಎಸ್‌ಎಲ್‌ಡಿ’ ಎಂಬ ಹೊಸ ಹೆಸರು ಬಂದಾಗ, ಚಯಾಪಚಯಕ್ಕೆ ಸಂಬಂಧಿಸಿದ ಒಂದಾದರೂ ಅಪಾಯಕಾರಿ ಅಂಶ ಇರಬೇಕೆಂಬ ಷರತ್ತೂ ಜೊತೆಗೆ ಬಂದಿತು. ಹಾಗಾಗಿ ಹಳೆಯ ಮತ್ತು ಹೊಸ ಹೆಸರುಗಳನ್ನು ಶೋಧದಲ್ಲಿ ಒಟ್ಟಿಗೆ ಇಡಬೇಕು, ವಿಶ್ಲೇಷಣೆಯಲ್ಲಿ ಮಾತ್ರ ಅವೆರಡೂ ಒಂದೇ ಎಂದು ಭಾವಿಸಬಾರದು.

ಹೆಸರು ಬದಲಾಗದಿದ್ದರೂ ಕಾಗುಣಿತ ಕಾಡುತ್ತದೆ. ಅನ್ನನಾಳದ ಇಂಗ್ಲಿಷ್ ಪದವನ್ನು ಬ್ರಿಟಿಷರು ‘ಓ’ ಅಕ್ಷರದಿಂದ, ಅಮೆರಿಕನ್ನರು ‘ಇ’ ಅಕ್ಷರದಿಂದ ಆರಂಭಿಸುತ್ತಾರೆ. ಪದದ ಕೊನೆಯಲ್ಲಿ, ಮುಂದೆ ಯಾವ ಅಕ್ಷರ ಬಂದರೂ ಸರಿ ಎನ್ನುವ ನಕ್ಷತ್ರಚಿಹ್ನೆ ಹಾಕಿ ಎಲ್ಲ ರೂಪಗಳನ್ನೂ ಹಿಡಿದೆವೆಂದು ಬೀಗುವ ಹೊಸಬರು, ವ್ಯತ್ಯಾಸ ಇರುವುದು ಮೊದಲ ಅಕ್ಷರದಲ್ಲೇ ಎಂಬುದನ್ನು ಮರೆಯುತ್ತಾರೆ. ವೈದ್ಯಕೀಯ ಲೇಖನಗಳನ್ನು ಹುಡುಕುವ ತಾಣವಾದ ಪಬ್‌ಮೆಡ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ: ನಕ್ಷತ್ರಚಿಹ್ನೆ ಬಳಸಿದ ಪದಕ್ಕೆ, ಸಮಾನಾರ್ಥಕಗಳನ್ನು ತಾನಾಗಿ ಜೋಡಿಸಿಕೊಳ್ಳುವ ಅದರ ಸೌಲಭ್ಯ ಅನ್ವಯವಾಗುವುದಿಲ್ಲ.

ಒಂದು ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಸಿರೋಸಿಸ್, ಅಂದರೆ ಯಕೃತ್ತು ಕಲೆಗಟ್ಟಿ ಗಡುಸಾಗುವ ಸ್ಥಿತಿ, ಇರುವವರಲ್ಲಿ ಅನ್ನನಾಳದ ಉಬ್ಬಿದ ರಕ್ತನಾಳಗಳು ಒಡೆದು ರಕ್ತಸ್ರಾವವಾಗುವುದನ್ನು ಬೀಟಾ ಬ್ಲಾಕರ್ ಎಂಬ, ಹೃದಯಬಡಿತ ಮತ್ತು ರಕ್ತದೊತ್ತಡ ತಗ್ಗಿಸುವ ಔಷಧಗಳು ತಡೆಯುತ್ತವೆಯೆ? ಇಲ್ಲಿ ರೋಗದ ಪದಗಳನ್ನೆಲ್ಲ, ಯಾವುದಾದರೂ ಒಂದಿದ್ದರೆ ಸಾಕೆನ್ನುವ ‘ಆರ್’ನಿಂದ ಒಂದು ಗುಂಪಾಗಿ, ಔಷಧದ ಪದಗಳನ್ನೆಲ್ಲ ಇನ್ನೊಂದು ಗುಂಪಾಗಿ ಕಟ್ಟಿ, ಎರಡನ್ನೂ, ಎರಡೂ ಇರಲೇಬೇಕೆನ್ನುವ ‘ಆಂಡ್’ನಿಂದ ಜೋಡಿಸಬೇಕು. ಬೀಟಾ ಬ್ಲಾಕರ್ ಎಂಬ ವರ್ಗದ ಹೆಸರು ಮಾತ್ರ ಸಾಲದು. ಪ್ರೊಪ್ರನಲಾಲ್, ನಡೋಲಾಲ್, ಕಾರ್ವಿಡಿಲಾಲ್ ಎಂದು ಒಂದೊಂದನ್ನೂ ಬರೆಯಬೇಕು. ಮರಣದ ಪ್ರಮಾಣದಂಥ ಫಲಿತಾಂಶದ ಪದಗಳನ್ನು ಮೂರನೆಯ ಗುಂಪಾಗಿ ಸೇರಿಸುವ ಆಸೆಯನ್ನು ಬಿಡಬೇಕು, ಏಕೆಂದರೆ ಸಾರಾಂಶದಲ್ಲಿ ಎಷ್ಟೋ ಸಲ ಆ ಮಾತೇ ಇರುವುದಿಲ್ಲ. ಆವರಣ ಚಿಹ್ನೆ ಮರೆತರೆ ಪಬ್‌ಮೆಡ್ ಸಾಲನ್ನು ಎಡದಿಂದ ಬಲಕ್ಕೆ ಬಿಡಿಸುತ್ತದೆ, ಬೇರೆ ಕೆಲವು ತಾಣಗಳು ‘ಆಂಡ್’ ಅನ್ನು ಮೊದಲು ಬಿಡಿಸುತ್ತವೆ. ಒಂದೇ ಸಾಲು ಎರಡು ಕಡೆ ಎರಡು ಉತ್ತರ ಕೊಟ್ಟಾಗ ನಾನು ಇಡೀ ಮಧ್ಯಾಹ್ನ ತಲೆ ಕೆಡಿಸಿಕೊಂಡಿದ್ದುಂಟು.

ಪಬ್‌ಮೆಡ್‌ನ ಮುಖ್ಯ ಭಾಗವಾದ ಮೆಡ್‌ಲೈನ್ ಸಂಗ್ರಹದಲ್ಲಿ ಲೇಖನಗಳಿಗೆ ಹಚ್ಚುವ ವಿಷಯಶೀರ್ಷಿಕೆಗಳು, ಅಂದರೆ ಮೆಶ್ ಪದಗಳು, ದೊಡ್ಡ ನೆರವು. ಆದರೆ ಪಬ್‌ಮೆಡ್‌ನಲ್ಲಿರುವ ಎಲ್ಲ ದಾಖಲೆಗಳಿಗೂ ಅವು ಇರುವುದಿಲ್ಲ, ಆದ್ದರಿಂದ ಶೀರ್ಷಿಕೆ ಮತ್ತು ಸಾರಾಂಶದಲ್ಲಿನ ಸಾದಾ ಪದಗಳನ್ನೂ ಹುಡುಕಲೇಬೇಕು. ಮೆಡ್‌ಲೈನ್ ಒಂದೇ ಸಾಲದೆಂಬುದು ಎಲ್ಲರಿಗೂ ಗೊತ್ತಿರುವ ಮಾತು; ಲೇಖನಗಳ ಇನ್ನೊಂದು ಸಂಗ್ರಹವಾದ ಎಂಬೇಸ್ ಮತ್ತು ಕಾಕ್ರೇನ್ ಸಂಸ್ಥೆಯ ಪ್ರಯೋಗಗಳ ಸಂಗ್ರಹವಾದ ಸೆಂಟ್ರಲ್ ಜೊತೆಗಿರಬೇಕು. ಸಮ್ಮೇಳನದಲ್ಲಿ ಸಾರಾಂಶವಾಗಿ ಮಂಡನೆಯಾಗಿ, ಪೂರ್ಣ ಲೇಖನವಾಗದೆ ಉಳಿದ ಪ್ರಯೋಗಗಳಿಗಾಗಿ ಡೈಜೆಸ್ಟಿವ್ ಡಿಸೀಸ್ ವೀಕ್‌ನಂಥ ಸಮಾವೇಶಗಳ ಸಂಚಿಕೆಗಳನ್ನೂ, 2000ದಲ್ಲಿ ಆರಂಭವಾದ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗೌ ನೋಂದಣಿಯನ್ನೂ ನೋಡಬೇಕು. ಎಲ್ಲಿ, ಯಾವ ದಿನ, ಯಾವ ಸಾಲಿನಿಂದ ಹುಡುಕಿದೆವೆಂಬುದನ್ನು ಅಕ್ಷರಶಃ ದಾಖಲಿಸಿಡಬೇಕು. 2021ರಲ್ಲಿ ಬಂದ ಪ್ರಿಸ್ಮಾ-ಎಸ್ ಮಾರ್ಗಸೂಚಿ ಇದನ್ನೇ 16 ಅಂಶಗಳಲ್ಲಿ ಕೇಳುತ್ತದೆ.

ಶೋಧ ಸರಿಯಿದೆಯೇ ಎಂದು ತಿಳಿಯಲು, ಸಮೀಕ್ಷೆಗೆ ಸೇರಲೇಬೇಕೆಂದು ಮೊದಲೇ ಗೊತ್ತಿರುವ ಹತ್ತಾರು ಲೇಖನಗಳನ್ನು ಪಕ್ಕಕ್ಕಿಟ್ಟುಕೊಂಡು, ಅವು ಬಲೆಗೆ ಬಿದ್ದಿವೆಯೇ ಎಂದು ನೋಡುವುದು ವಾಡಿಕೆ. ಒಂದು ತಪ್ಪಿಸಿಕೊಂಡಿದ್ದರೆ ಅದನ್ನು ತೆರೆದು, ಅದರ ಲೇಖಕರು ಆ ರೋಗವನ್ನು ಏನೆಂದು ಕರೆದಿದ್ದಾರೆಂದು ಓದಿ, ಆ ಪದವನ್ನು ಗುಂಪಿಗೆ ಸೇರಿಸಿ, ಶೋಧವನ್ನು ಮತ್ತೆ ಮೊದಲಿನಿಂದ ನಡೆಸಬೇಕು.